ಸುಮ್ಮನೆ ಕೂತು ಕೇಳು

ನನ್ನ ಮಗ ಮನೋಲ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನನ್ನು ಬೇಕಾದಷ್ಟು ಬೈಯುವವಳಿದ್ದೇನೆ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಕೈತೊಳೆದುಕೊಳ್ಳಬಹುದಿತ್ತು. ಪ್ರೀತಿಯಿಂದ ಮನೆ ಹಾಳು ಮಾಡುವವರನ್ನು ಏನು ಮಾಡುತ್ತೀರಿ, ಹೇಳಿ?

ಅವನ ಮಗಳು ವೇಲಿಕಾ ಗೈದಾ ಕಲಿಯುತ್ತಿದ್ದಳು. ನಮ್ಮ ರೊಡೋಪಿ ಬೆಟ್ಟದಲ್ಲಿ ಗೈದಾ ಎಂದರೆ ಬರೀ ವಾದ್ಯವಲ್ಲ. ಹುಟ್ಟಿಗೂ ಅದೇ, ಮದುವೆಗೂ ಅದೇ, ಮಣ್ಣಿಗೆ ಇಳಿಸುವಾಗಲೂ ಅದೇ. ಇಡೀ ಮೇಕೆಯ ಚರ್ಮವನ್ನು ಅಂಗಿ ಬಿಚ್ಚಿದಂತೆ ಬಿಚ್ಚಿ ಚೀಲ ಮಾಡುತ್ತಾರೆ. ಕೂದಲಿನ ಮಗ್ಗುಲು ಒಳಗೆ ಹೋಗುತ್ತದೆ. ಮುಂಗಾಲೊಂದರ ತೂತಿಗೆ ಊದುವ ಕೊಳವೆ, ಇನ್ನೊಂದಕ್ಕೆ ಶ್ರುತಿಯ ಕೊಳವೆ, ಕುತ್ತಿಗೆಗೆ ಬೆರಳಾಡಿಸುವ ಕೊಳವೆ. ಊದಿ ತುಂಬಿಸಿ ಕಂಕುಳಲ್ಲಿ ಇಟ್ಟುಕೊಂಡು ಒತ್ತಿದರೆ ಬೆಟ್ಟವೇ ಗುಂಯ್ ಎನ್ನಬೇಕು, ಅಂಥ ದನಿ.

ಹುಡುಗಿ ಗೈದಾ ಹಿಡಿದಾಗ ಊರು ಸುಮ್ಮನಿರಲಿಲ್ಲ. "ಏನೋ ಮನೋಲ್, ಮಗಳಿಗೆ ಮೀಸೇನೂ ಬರ್ಸ್ತೀಯಾ?" ಅಂತ ಹೆಂಡದಂಗಡಿಯಲ್ಲಿ ಕೇಳಿದರಂತೆ. ಮನೋಲ್ ಗ್ಲಾಸು ಕೆಳಗಿಟ್ಟು, "ನಿಮ್ಮ ಗಂಡುಮಕ್ಕಳ ಮೀಸೆ ಹಾಲಿನ ಕೆನೆ ಕಣ್ರೋ, ಮೊದ್ಲು ಅದನ್ನ ಒರೆಸಿ" ಎಂದು ಎದ್ದು ಬಂದ. ಅವತ್ತು ನನಗೆ ನನ್ನ ಮಗನ ಮೇಲೆ ಹೆಮ್ಮೆ ಬಂತು, ಸುಳ್ಳು ಯಾಕೆ.

ಅವನಿಗೆ ಆ ಹಠ ಯಾಕೆ ಅಂತಲೂ ನನಗೆ ಗೊತ್ತಿತ್ತು. ಅವನು ಚಿಕ್ಕವನಿದ್ದಾಗ ಯಾರೋ ಕೊಟ್ಟ ಹಳೇ ಗೈದಾ ಒಂದನ್ನು ತಂದಿದ್ದ. ನನ್ನ ಗಂಡ, ಮಣ್ಣಲ್ಲಿ ತಣ್ಣಗಿರಲಿ, ಅದನ್ನು ಒಲೆಗೆ ಹಾಕಿದ. "ಇದು ಊದಿದ್ರೆ ಹೊಟ್ಟೆ ತುಂಬುತ್ತಾ? ಲಾರಿ ಕಲಿ" ಎಂದ. ಮನೋಲ್ ಲಾರಿ ಕಲಿತ. ಇವತ್ತಿಗೂ ಕಾಡಿನ ಮರ ಸಾಗಿಸುತ್ತಾನೆ. ಆದರೆ ಮದುವೆ ಮನೆಯಲ್ಲಿ ಗೈದಾ ಕೇಳಿದರೆ ಅವನ ಬೆರಳುಗಳು ಮೇಜಿನ ಕೆಳಗೆ ತಾವಾಗಿ ಆಡುತ್ತವೆ. ಹೆತ್ತ ಕಣ್ಣಿಗೆ ಅದು ಕಾಣದೆ ಇರುತ್ತದೆಯೇ?

ಪಾಠ ಹೇಳುತ್ತಿದ್ದವನು ಸಾವಾ ತಾತ. ಗೈದಾ ಮಾಡುವವನೂ ಅವನೇ. ಪ್ರತಿ ಶನಿವಾರ ಮನೋಲ್ ಮಗಳನ್ನು ಅವನ ಮನೆಗೆ ಕರೆದೊಯ್ದು ಹೊಸ್ತಿಲಲ್ಲೇ ನಿಲ್ಲುತ್ತಿದ್ದ. ಒಂದು ಸಲ ನಾನೂ ಹೋಗಿದ್ದೆ. ಮನೋಲ್ ಟೋಪಿ ತೆಗೆದು ಕೇಳಿದ, "ತಾತ, ಇವಳಿಗೆ ನಾನು ಏನು ಮಾಡ್ಬೇಕು ಹೇಳು. ಏನು ಬೇಕಾದ್ರೂ ಮಾಡ್ತೀನಿ."

ಸಾವಾ ಮರ ಕೆತ್ತುತ್ತಲೇ ಹೇಳಿದ, "ಅವಳು ನುಡಿಸ್ತಾಳಲ್ಲ, ಆಗ ಹತ್ರ ಸುಮ್ನೆ ಕೂತು ಕೇಳು."

"ಕೇಳ್ತೀನಿ, ಕೇಳ್ತೀನಿ. ಮತ್ತೆ?"

"ಮತ್ತೆ ಏನೂ ಇಲ್ಲ ಮಾರಾಯಾ. ಅಷ್ಟೇ."

ಅದೊಂದು ಮಾತ್ರ ಮನೋಲ್‌ನ ಕೈಲಿ ಆಗಲಿಲ್ಲ. ಮಗಳು ನುಡಿಸುವಾಗ ಇವನು ಕೂರುವುದೆಂದರೆ ಕಾದ ಹಂಚಿನ ಮೇಲೆ ಕೂತ ಹಾಗೆ. ಎದ್ದು ಕಿಟಕಿ ಹಾಕುತ್ತಾನೆ, ಚಳಿ ಆಗುತ್ತೆ ಅಂತ. ತೆಗೆಯುತ್ತಾನೆ, ಉಸಿರು ಕಟ್ಟುತ್ತೆ ಅಂತ. ಜೇನು ಹಾಕಿದ ಚಹಾ ತರುತ್ತಾನೆ. "ಅಲ್ಲಿ ಇನ್ನೊಂದ್ಸಲ ನುಡ್ಸು, ಇನ್ನೂ ಜೋರಾಗಿ" ಎನ್ನುತ್ತಾನೆ. ಕೊನೆಗೆ ವೇಲಿಕಾ ವಾದ್ಯ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದಳು.

ಕೊಟ್ಟಿಗೆಯಲ್ಲಿ ಚೊರಾಪ್ಕಾ ಇದ್ದಳು. ಮೇಕೆ. ಹುಟ್ಟಿದ ದಿನವೇ ತಾಯಿ ಸತ್ತು, ಕಣ್ಣು ಬಿಡಲೂ ತ್ರಾಣವಿಲ್ಲದ ಮರಿಯನ್ನು ವೇಲಿಕಾ ತನ್ನ ಅಂಗಿಯೊಳಗೆ ಇಟ್ಟುಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಮೈಯೆಲ್ಲ ಹಾಲಿನಂತೆ ಬಿಳಿ, ಬಲ ಮುಂಗಾಲಿನಲ್ಲಿ ಮಾತ್ರ ತುಕ್ಕಿನ ಬಣ್ಣದ ಒಂದು ಪಟ್ಟೆ, ಒಂದೇ ಕಾಲಿಗೆ ಕಾಲುಚೀಲ ಹಾಕಿದಂತೆ. ಅದಕ್ಕೇ ಆ ಹೆಸರು. ನಮ್ಮಲ್ಲಿ ಕಾಲುಚೀಲಕ್ಕೆ ಚೊರಾಪ್ ಎನ್ನುತ್ತೇವೆ. ಹುಡುಗಿ ನುಡಿಸಲು ಶುರು ಮಾಡಿದರೆ ಉಳಿದ ಮೇಕೆಗಳು ಮೂಲೆಗೆ ಓಡುತ್ತಿದ್ದವು. ಚೊರಾಪ್ಕಾ ಬಂದು ಅವಳ ಮಂಡಿಯ ಮೇಲೆ ಗದ್ದ ಊರಿ, ದವಡೆ ಆಡಿಸುವುದನ್ನೂ ನಿಲ್ಲಿಸಿ ಕೇಳುತ್ತಿತ್ತು. ಸಾವಾ ತಾತ ಹೇಳಿದ್ದನ್ನು ನಮ್ಮ ಮನೆಯಲ್ಲಿ ಪಾಲಿಸಿದ್ದು ಆ ಮೇಕೆ ಒಂದೇ.

ಸಂಗೀತ ಶಾಲೆ ಇರುವುದು ಪಕ್ಕದ ಕಣಿವೆಯಲ್ಲಿ. ಹದಿಮೂರು ತುಂಬಿದ ಮಕ್ಕಳನ್ನು ಜೂನ್‌ನಲ್ಲಿ ಪರೀಕ್ಷೆ ಮಾಡಿ ಸೇರಿಸಿಕೊಳ್ಳುತ್ತಾರೆ. ವೇಲಿಕಾಗೆ ಅಲ್ಲಿ ಸೇರಬೇಕೆನ್ನುವುದು ಬಿಟ್ಟರೆ ಬೇರೆ ಆಸೆ ಇರಲಿಲ್ಲ. ಆದರೆ ಅವಳ ಕೈಯಲ್ಲಿದ್ದದ್ದು ಸಾವಾ ಎರವಲು ಕೊಟ್ಟಿದ್ದ ಮುದಿ ಗೈದಾ. ಚರ್ಮ ಸವೆದು ಗಾಳಿ ಸೋರುತ್ತಿತ್ತು. ಒಂದು ಹಾಡು ಮುಗಿಸುವಷ್ಟರಲ್ಲಿ ಹುಡುಗಿಯ ಕೆನ್ನೆ ಕೆಂಪಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. "ಹೊಸಾದು ಮಾಡ್ಕೊಡ್ತೀನಿ, ಶರತ್ಕಾಲಕ್ಕೆ ಒಳ್ಳೇ ಚರ್ಮ ಬರೋದಿದೆ, ಕಾಯಿ" ಎಂದಿದ್ದ ಸಾವಾ. ಮನೋಲ್‌ಗೆ ಕಾಯುವುದು ಗೊತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಳಿಗಾಲದ ಕೊನೆಯಲ್ಲಿ ನನ್ನ ಕಣ್ಣಿನ ಪೊರೆ ತೆಗೆಸಲು ಪ್ಲೋವ್ದಿವ್‌ನಲ್ಲಿರುವ ಮಗಳ ಮನೆಗೆ ಹೋದೆ. ಆಪರೇಷನ್ ಆಗಿ, ಹೊಸ ಕಣ್ಣು ಹೊತ್ತುಕೊಂಡು ವಾಪಸು ಬಂದಾಗ ಹಿಮ ಕರಗುತ್ತಿತ್ತು. ಕೊಟ್ಟಿಗೆಗೆ ಹೋದರೆ ಚೊರಾಪ್ಕಾ ಇಲ್ಲ.

"ಮಾರಿದ್ವಿ ಅತ್ತೆ" ಎಂದಳು ಸೊಸೆ ಸ್ತಾನ್ಕಾ, ಒಲೆಯ ಕಡೆ ಮುಖ ಮಾಡಿಕೊಂಡೇ. "ದೆವಿನ್‌ನಲ್ಲಿ ಯಾರೋ ಒಳ್ಳೇ ಜನ. ಮನೇಲಿ ಮಕ್ಕಳಿದಾರಂತೆ."

ಸ್ತಾನ್ಕಾಗೆ ಸುಳ್ಳು ಹೇಳಲು ಬರುವುದಿಲ್ಲ. ಪಟಾಟ್ನಿಕ್ ರೊಟ್ಟಿಗೆಂದು ತುರಿದ ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿದಳು. ನಾನು ಏಣಿ ಹತ್ತಿ ಅಟ್ಟಕ್ಕೆ ಹೋದೆ. ಈ ವಯಸ್ಸಿನಲ್ಲಿ ಏಣಿ! ಅಲ್ಲಿ ಚರ್ಮ ಹದಮಾಡುವ ಉಪ್ಪಿನ ಮರಿಗೆ ಇತ್ತು. ಅದರ ಪಕ್ಕದಲ್ಲಿ ಕತ್ತರಿಸಿ ಬಿಸಾಕಿದ ಬಿಳಿ ಕೂದಲಿನ ಗುಪ್ಪೆ.

ಸಂಜೆ ಮನೋಲ್ ಬಂದ ತಕ್ಷಣ ಅವನ ತೋಳು ಹಿಡಿದು ಹಿತ್ತಲಿಗೆ ಎಳೆದೆ.

"ಲೋ, ನಿನ್ನ ತಲೇಲಿ ಮಿದುಳಿದೆಯೋ ಸಗಣಿ ಇದೆಯೋ? ಆ ಮಗು ಸಾಕಿದ್ದ ಮೇಕೆ ಕಣೋ ಅದು!"

"ಮೆಲ್ಲಗೆ ಅಮ್ಮಾ!"

"ಏನು ಮೆಲ್ಲಗೆ? ಮಂದೇಲಿ ಬೇರೆ ಮೇಕೆ ಇರ್ಲಿಲ್ವಾ?"

"ಇರ್ಲಿಲ್ಲ. ನೀನೇ ನೋಡಿದೀಯಲ್ಲ, ಒಂದಕ್ಕೆ ಮುಳ್ಳು ಗೀರಿದೆ, ಇನ್ನೊಂದಕ್ಕೆ ಹುಳ ಕಚ್ಚಿ ತೂತು. ಮರಿ ಹಾಕಿದ್ದರ ಚರ್ಮ ಸಡಿಲ. ಇದೊಂದೇ ಗಾಯ ಇಲ್ದೇ ಇರೋದು. ಅವಳು ಅಷ್ಟು ಚೆನ್ನಾಗಿ ನೋಡ್ಕೊಂಡಿದ್ಲಲ್ಲ ಅಮ್ಮಾ, ಒಂದು ಗೀರೂ ಇರ್ಲಿಲ್ಲ." "ಪರೀಕ್ಷೆಗೆ ಸೋರೋ ಚೀಲ ಹಿಡ್ಕೊಂಡು ಹೋಗ್ಬೇಕಾ ನನ್ನ ಮಗಳು?"

"ಅವಳಿಗೆ ಗೊತ್ತಾದ್ರೆ?"

"ಹೇಗೆ ಗೊತ್ತಾಗುತ್ತೆ? ಕೂದಲು ಒಳಗಡೆ ಇರುತ್ತೆ. ಚರ್ಮ ಯಾವ ಮೇಕೇದು ಅಂತ ಸಾವಾಗೂ ಗೊತ್ತಿಲ್ಲ. ಪರೀಕ್ಷೆ ಒಂದು ಮುಗೀಲಿ, ನಾನೇ ಹೇಳ್ತೀನಿ."

"ಈಗ್ಲೇ ಹೇಳು. ಇವತ್ತೇ ಹೇಳು. ಅತ್ತು ಅತ್ತು ಸುಮ್ನಾಗ್ತಾಳೆ. ಆಮೇಲೆ ಗೊತ್ತಾದ್ರೆ ನಿನ್ನನ್ನ ಕ್ಷಮಿಸಲ್ಲ."

ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ನನ್ನ ಗೈದಾ ಒಲೇಲಿ ಉರೀತಿದ್ದಾಗ ನೀನು ಒಂದು ಮಾತಾಡಿದ್ಯಾ ಅಮ್ಮಾ? ಈಗ್ಲೂ ಆಡ್ಬೇಡ."

ಹಾವು ಕಡಿದ ಹಾಗಾಯಿತು.

ಏಪ್ರಿಲ್‌ನಲ್ಲಿ ಸಾವಾನ ಮನೆಯಿಂದ ಹೊಸ ಗೈದಾ ಸಿದ್ಧವಾಗಿ ಬಂತು. ಚೀಲ ತುಂಬಿ ಮೈದುಂಬಿ ನಿಂತಿತು, ಒಂದು ಎಳೆಯಷ್ಟೂ ಸೋರಲಿಲ್ಲ. ವೇಲಿಕಾ ಮೊದಲ ಸಲ ಊದಿ ಕಂಕುಳಿಗೆ ಸೇರಿಸಿಕೊಂಡಾಗ ಅವಳ ಮುಖ ನೋಡಬೇಕಿತ್ತು ನೀವು! ಮೇಕೆ ಹೋದಾಗಿನಿಂದ ಸರಿಯಾಗಿ ಊಟ ಮಾಡದ ಹುಡುಗಿ ಅವತ್ತು ನಕ್ಕಳು. "ಅಪ್ಪಾ, ಎಷ್ಟು ಬೆಚ್ಚಗಿದೆ ಇದು!" ಎಂದಳು. ಮನೋಲ್ ಸೌದೆ ತರುತ್ತೇನೆಂದು ಹೊರಗೆ ಹೋದ. ಮನೆಯಲ್ಲಿ ಸೌದೆ ರಾಶಿ ಬಿದ್ದಿತ್ತು.

ಆಮೇಲೆ ಅವಳು ನುಡಿಸಿದ್ದೇ ನುಡಿಸಿದ್ದು. ಬೆಳಿಗ್ಗೆ ಶಾಲೆಗೆ ಮುಂಚೆ, ಬಂದ ಮೇಲೆ, ಹೊಲದ ಬದುವಿನಲ್ಲಿ. ನಮ್ಮ ಬೆಟ್ಟದ ನಿಧಾನದ ಹಾಡುಗಳಿರುತ್ತವಲ್ಲ, ಕುರುಬ ಒಂದು ದಿಬ್ಬದಿಂದ ಇನ್ನೊಂದು ದಿಬ್ಬದವನನ್ನು ಕರೆಯುವಂಥವು, ಅವು ಆ ಚೀಲದಿಂದ ಎಳೆ ಕಡಿಯದೆ ಹರಿಯುತ್ತಿದ್ದವು. ಹೆಂಡದಂಗಡಿಯವರೂ ಬಾಯಿ ಮುಚ್ಚಿಕೊಂಡರು. ಒಂದು ದಿನ ನಾನು ಕೇಳಿದೆ, "ಏನೇ ಹುಡ್ಗೀ, ಉಸಿರಾದ್ರೂ ಆಡು. ಯಾಕಿಷ್ಟು ಆತುರ?"

"ಅಜ್ಜೀ, ಪರೀಕ್ಷೆ ಮುಗಿದ ದಿನ ಅಪ್ಪ ನನ್ನ ದೆವಿನ್‌ಗೆ ಕರ್ಕೊಂಡು ಹೋಗ್ತಾನೆ. ಮಾತು ಕೊಟ್ಟಿದಾನೆ. ಚೊರಾಪ್ಕಾ ಮುಂದೆ ಇದನ್ನ ನುಡಿಸ್ಬೇಕು. ಹಳೇದು ಸೋರ್ತಿತ್ತಲ್ಲ, ಪೂರ್ತಿ ಹಾಡು ಅವಳು ಯಾವತ್ತೂ ಕೇಳೇ ಇಲ್ಲ."

ನಾನು ಎದ್ದು ಹೋಗಿ ಕೋಳಿಗೆ ಕಾಳು ಹಾಕಿದೆ. ಆಗಲೇ ಹಾಕಿಯಾಗಿತ್ತು. ಆ ದಿನ ಮನೋಲ್‌ನನ್ನು ಕೊಲ್ಲುವಷ್ಟು ಸಿಟ್ಟು ಬಂದಿತ್ತು ನನಗೆ. ಒಂದು ಸುಳ್ಳು ಸಾಲದೆಂದು ಅದರ ತಲೆಯ ಮೇಲೆ ಇನ್ನೊಂದು ಕೂರಿಸಿದ್ದಾನೆ, ಮೂರ್ಖ! ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ?

ಬಂದಳು. ಪರೀಕ್ಷೆಯ ಹಿಂದಿನ ಮಧ್ಯಾಹ್ನ. ನಾನು ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ. ವೇಲಿಕಾ ಪಕ್ಕದಲ್ಲಿ ಕೂತು ಗೈದಾದ ಊದುವ ಕೊಳವೆ ಕಟ್ಟಿದ್ದ ದಾರ ಸಡಿಲವಾಗಿದೆ ಎಂದು ಬಿಚ್ಚುತ್ತಿದ್ದಳು. ಅವರವರ ವಾದ್ಯದ ಕಟ್ಟು ಅವರವರೇ ಕಟ್ಟಬೇಕು ಎನ್ನುವುದು ಸಾವಾ ತಾತನ ಕಟ್ಟಪ್ಪಣೆ. ದಾರ ಬಿಚ್ಚಿ, ಮರದ ಬಳೆ ಹೊರಗೆಳೆದು, ಕಾಲಿನ ಚರ್ಮದ ಅಂಚನ್ನು ಒದ್ದೆ ಬೆರಳಿನಿಂದ ಮಡಚಿದಳು.

ಕೈ ನಿಂತಿತು.

ನಾನು ಬಗ್ಗಿ ನೋಡಿದೆ. ಮಡಚಿದ ಅಂಚಿನ ಒಳಮಗ್ಗುಲಲ್ಲಿ ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು. ಬಿಳಿಯ ನಡುವೆ ತುಕ್ಕಿನ ಬಣ್ಣದ ಒಂದು ಪಟ್ಟೆ, ಕಾಲಿನ ಸುತ್ತ. ನನ್ನ ಹಳೇ ಕಣ್ಣಾಗಿದ್ದರೆ ಕಾಣುತ್ತಿರಲಿಲ್ಲ. ಡಾಕ್ಟರು ಕಣ್ಣು ಕೊಟ್ಟಿದ್ದು ಇದನ್ನು ನೋಡುವುದಕ್ಕೇ?

"ಅಜ್ಜೀ," ಎಂದಳು, "ಅಪ್ಪಂಗೆ ಗೊತ್ತಾ?"

ಸುಳ್ಳಿನ ಸರದಿ ನನ್ನದಾಗಿತ್ತು, ನಾಲಿಗೆ ಹೊರಳಲಿಲ್ಲ. "ಗೊತ್ತು ಕಂದಾ" ಎಂದೆ. "ಗೊತ್ತು."

ಅವಳು ಅಳಲಿಲ್ಲ. ಒಂದು ಬೆರಳಿನಿಂದ ಆ ಪಟ್ಟೆಯನ್ನು ಕೂದಲಿನ ದಿಕ್ಕಿಗೇ ಸವರಿದಳು, ಮೊದಲು ಸವರುತ್ತಿದ್ದ ಹಾಗೆಯೇ. ಆಮೇಲೆ ಬಳೆ ಕೂರಿಸಿ, ಅಂಚು ಎಳೆದು, ದಾರ ಒದ್ದೆ ಮಾಡಿ, ಸುತ್ತು ಹಾಕಿ ಬಿಗಿಯಾಗಿ ಕಟ್ಟಿದಳು.

"ಅಪ್ಪಂಗೆ ಹೇಳ್ಬೇಡ" ಎಂದಳು. "ನಾಳೆ ಅವನು ಗಾಡಿ ಓಡಿಸ್ಬೇಕು."

ನಾನು ಮಡಿಲಲ್ಲಿದ್ದ ಕಾಯೆಲ್ಲ ಚೆಲ್ಲಿ ಅವಳನ್ನು ತಬ್ಬಿಕೊಳ್ಳಹೋದೆ. ಮರದ ತುಂಡನ್ನು ತಬ್ಬಿಕೊಂಡಂತಿತ್ತು.

ಮರುದಿನ ಸ್ತಾನ್ಕಾಗೆ ಕೆಲಸಕ್ಕೆ ರಜೆ ಸಿಗಲಿಲ್ಲ, ನಾನೇ ಜೊತೆಗೆ ಹೋದೆ. ಲಾರಿಯಲ್ಲಿ ಮನೋಲ್ ಒಬ್ಬನೇ ಮಾತಾಡಿದ. ಭಯಪಡಬೇಡ, ನೀರು ಕುಡಿ, ಮೊದಲ ಸ್ವರ ಉದ್ದ ಹಿಡಿ. ಶಾಲೆಯ ಕೋಣೆಯಲ್ಲಿ ಮೇಷ್ಟರುಗಳು ಸಾಲಾಗಿ ಕೂತಿದ್ದರು. ಬಾಗಿಲು ತೆರೆದೇ ಇತ್ತು, ಹೆತ್ತವರೆಲ್ಲ ಹೊರಗಿನ ಪಡಸಾಲೆಯಲ್ಲಿ. ಅವಳ ಹೆಸರು ಕರೆದರು.

ಅವಳು ಹೇಗೆ ನುಡಿಸಿದಳೆಂದು ಹೇಳಲು ನನಗೆ ಬರುವುದಿಲ್ಲ. ಆ ಹಾಡನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನನ್ನ ಗಂಡನನ್ನು ಮಣ್ಣಿಗೆ ಇಳಿಸುವಾಗಲೂ ಅದನ್ನೇ ನುಡಿಸಿದ್ದರು, ಅವತ್ತು ನಾನು ಇಷ್ಟು ಅತ್ತಿರಲಿಲ್ಲ. ಚೀಲವನ್ನು ಕಂಕುಳಲ್ಲಿ ಒತ್ತಿ, ಕೆನ್ನೆಯನ್ನು ಅದಕ್ಕೆ ಆನಿಸಿ, ಕಣ್ಣು ಮುಚ್ಚಿ ನುಡಿಸಿದಳು. ಹಾಡು ಮುಗಿದ ಮೇಲೂ ಶ್ರುತಿ ನಿಲ್ಲಿಸಲಿಲ್ಲ. ಒಳಗಿದ್ದ ಉಸಿರೆಲ್ಲ ಮುಗಿಯುವವರೆಗೂ ಅದು ತಾನಾಗಿ ಇಳಿಯಲೆಂದು ಬಿಟ್ಟಳು. ಮೇಷ್ಟರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದಾಗ ಮನೋಲ್ ಮಗುವಿನಂತೆ ಅಳುತ್ತಿದ್ದ. "ಸಿಕ್ತು ಬಿಡು, ಸೀಟು ಸಿಕ್ಕೇ ಸಿಕ್ತು! ನನ್ನ ಚಿನ್ನಾ, ಏನ್ ನುಡಿಸ್ದೆ! ಏನು ಬೇಕು ಕೇಳು, ಇವತ್ತು ಏನು ಕೇಳಿದ್ರೂ ಕೊಡಿಸ್ತೀನಿ."

"ಏನೂ ಕೊಡಿಸ್ಬೇಡ" ಎಂದಳು ವೇಲಿಕಾ. "ದೆವಿನ್‌ಗೆ ಕರ್ಕೊಂಡು ಹೋಗು. ಮಾತು ಕೊಟ್ಟಿದ್ಯಲ್ಲ."

ಅವನ ಮುಖದ ರಕ್ತ ಇಳಿಯಿತು. "ಇವತ್ತು... ಇವತ್ತು ಹೊತ್ತಾಯ್ತು ಮಗಳೇ. ಆ ಜನ ಮನೇಲಿರ್ತಾರೋ ಇಲ್ವೋ..."

"ಇರ್ತಾರೆ. ಹೋಗೋಣ."

ನಾನು ನನ್ನ ಮಗನ ಕಣ್ಣನ್ನೇ ನೋಡಿದೆ. ಹೇಳು ದರಿದ್ರದವನೇ, ಈಗಲಾದರೂ ಹೇಳು, ಅವಳು ಬಾಗಿಲು ತೆರೆದು ನಿಂತಿದ್ದಾಳೆ! ಅವನು ಹೇಳಲಿಲ್ಲ. ಲಾರಿ ಹತ್ತಿ ಕೀಲಿ ತಿರುಗಿಸಿದ. ನಿಜವಾಗಿಯೂ ದೆವಿನ್ ಕಡೆ ಹೊರಟ. ಏನೆಂದುಕೊಂಡು ಹೊರಟನೋ, ದಾರಿಯಲ್ಲಿ ಯಾವುದಾದರೂ ಬಿಳಿ ಮೇಕೆ ಸಿಗುತ್ತದೆಂದೋ, ಬೆಟ್ಟವೇ ಕುಸಿದು ದಾರಿ ಮುಚ್ಚುತ್ತದೆಂದೋ. ವೇಲಿಕಾ ನಮ್ಮಿಬ್ಬರ ನಡುವೆ, ಮಡಿಲಲ್ಲಿ ಗೈದಾ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಹೊಳೆ ಪಕ್ಕದಲ್ಲೇ ಓಡುತ್ತಿತ್ತು.

ದಾರಿ ಕವಲೊಡೆಯುವಲ್ಲಿ ದೆವಿನ್ ಎಂಬ ಫಲಕ ಇದೆ. ಅದರ ಕೆಳಗೆ ಮನೋಲ್ ಲಾರಿ ನಿಲ್ಲಿಸಿದ. ಎಂಜಿನ್ ಆರಿಸಿದ. ಎರಡೂ ಕೈಯನ್ನು ಸ್ಟಿಯರಿಂಗ್ ಮೇಲಿಟ್ಟು, ಅದರ ಮೇಲೆ ಹಣೆ ಇಟ್ಟ. ಬೆನ್ನು ಅಲುಗುತ್ತಿತ್ತು.

ವೇಲಿಕಾ ಗೈದಾವನ್ನು ಮೆಲ್ಲಗೆ ಎತ್ತಿ ಅವನ ಮಡಿಲಿಗೆ ಇಟ್ಟಳು.

"ಬಂದ್ವಲ್ಲ ಅಪ್ಪಾ" ಎಂದಳು. "ಇಲ್ಲೇ ಇದಾಳೆ."

ಅವನು ಒಂದು ಸದ್ದು ಮಾಡಿದ. ಹೆತ್ತ ಮಗನ ಬಾಯಿಂದ ಅಂಥ ಸದ್ದು ಯಾವ ತಾಯಿಯೂ ಕೇಳಬಾರದು. "ನಿನಗೋಸ್ಕರ ಕಣೇ... ನಿನಗೋಸ್ಕರಾನೇ..." ಎಂದ.

"ಗೊತ್ತು" ಎಂದಳು. "ನಾನು ಕೇಳಿರ್ಲಿಲ್ಲ."

ಸೀಟು ಸಿಕ್ಕಿತು. ಪಟ್ಟಿಯಲ್ಲಿ ಮೊದಲ ಹೆಸರೇ ಅವಳದು. ಅವಳು ಹೋಗಲಿಲ್ಲ. ಸಾವಾ ತಾತ ಕೋಲೂರಿಕೊಂಡು ಬಂದ, ಶಾಲೆಯಿಂದ ಮೇಷ್ಟರು ಬಂದರು, ಸ್ತಾನ್ಕಾ ಕಾಲು ಹಿಡಿಯುವುದೊಂದು ಬಾಕಿ. ಬೇರೆ ವಾದ್ಯ ಕೊಡುತ್ತೇವೆ ಎಂದರು. "ನಂಗೆ ಸಿಟ್ಟಿಲ್ಲ" ಎನ್ನುತ್ತಿದ್ದಳು ವೇಲಿಕಾ, "ಊದೋಕೆ ಹೋದ್ರೆ ಉಸಿರು ಬರಲ್ಲ." ಈಗ ಸ್ಮೋಲ್ಯಾನ್‌ನಲ್ಲಿ ಅಡುಗೆ ಕಲಿಯುವ ಶಾಲೆಗೆ ಹೋಗುತ್ತಾಳೆ, ಸಂಜೆ ಬಸ್ಸಿಗೆ ಬರುತ್ತಾಳೆ. ಅಪ್ಪನಿಗೆ ಊಟ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಒಂದು ಕೆಟ್ಟ ಮಾತಾಡಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು.

ಗೈದಾ ಮನೋಲ್‌ನ ಬಳಿ ಉಳಿಯಿತು. ಚರ್ಮದ ಚೀಲವನ್ನು ಬಳಸದೆ ಬಿಟ್ಟರೆ ಒಣಗಿ ಬಿರಿಯುತ್ತದೆ; ದಿನವೂ ಯಾರಾದರೂ ಉಸಿರು ತುಂಬಬೇಕು. ಹಾಗಾಗಿ ಕೆಲಸದಿಂದ ಬಂದು ಅವನು ಕೊಟ್ಟಿಗೆಯ ಮುಂದೆ ಕೂತು ಊದುತ್ತಾನೆ. ಬೆರಳಾಡಿಸಲು ಬರುವುದಿಲ್ಲ, ಕಲಿಸಿದವರಿಲ್ಲ. ಶ್ರುತಿಯೊಂದೇ ಕೇಳುತ್ತದೆ. ಹಾಡಿಲ್ಲದ ಬರೀ ಶ್ರುತಿ, ಸಂಜೆ ಪೂರ್ತಿ. ಅದು ಶುರುವಾದಾಗ ಹೆಂಡದಂಗಡಿಯಲ್ಲಿ ಯಾರೂ ನಗುವುದಿಲ್ಲ.

ಹೋದ ಚಳಿಗಾಲ ಅವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಕೆಲವು ದಿನ ಊದಲಾಗಲಿಲ್ಲ. ಒಂದು ಸಂಜೆ ವೇಲಿಕಾ ಬಸ್ಸಿಳಿದು ಬಂದು, ಗೋಡೆಗೆ ತೂಗುಹಾಕಿದ್ದ ಚೀಲವನ್ನು ಮುಟ್ಟಿ ನೋಡಿದಳು. ಗಡುಸಾಗಿತ್ತು. ಕೋಟು ಕೂಡ ಬಿಚ್ಚದೆ ಅದನ್ನು ಇಳಿಸಿಕೊಂಡು ಕೊಟ್ಟಿಗೆಗೆ ಹೋದಳು. ನಾನು ಹಿಂದೆಯೇ ಹೋದೆ. ಕಂಬಳಿ ಹೊದ್ದು ಮನೋಲ್ ಕೂಡ ಎದ್ದು ಬಂದ. ಬೇಡವೆಂದರೆ ಕೇಳುವವನೇ?

ಅವಳು ಹಳೇ ಜಾಗದಲ್ಲೇ ಕೂತಳು. ಶ್ರುತಿಯ ಕೊಳವೆಗೆ ಬೆಣೆ ಹಾಕಿದಳು, ಬೆರಳಾಡಿಸುವ ಕೊಳವೆಗೂ ಬೆಣೆ ಹಾಕಿದಳು, ಸದ್ದೇ ಬಾರದಂತೆ. ಆಮೇಲೆ ಊದಿದಳು. ಚೀಲ ಮೆಲ್ಲಗೆ ಎದ್ದಿತು, ಹೊಟ್ಟೆ ಬಂತು, ಕುತ್ತಿಗೆ ಬಂತು, ಮುಂಗಾಲೆರಡೂ ಮುಂದೆ ಚಾಚಿದವು. ತುಂಬಿದ ಮೇಲೆ ಅದನ್ನು ಎದೆಗೆ ಒತ್ತಿಕೊಂಡು, ಅದರ ಮೇಲೆ ಗದ್ದ ಊರಿ ಕೂತಳು.

ಮನೋಲ್ ಹೊಸ್ತಿಲ ಮೇಲೆ ಕೂತ. ಒಂದು ಮಾತಾಡಲಿಲ್ಲ, ಎದ್ದು ಬಾಗಿಲು ಹಾಕಲಿಲ್ಲ, ಚಹಾ ತರಲಿಲ್ಲ. ಕೇಳಲು ಅಲ್ಲಿ ಏನೂ ಇರಲಿಲ್ಲ. ನನ್ನ ಮಗ ಸುಮ್ಮನೆ ಕೂತು ಕೇಳಿದ.